ಕರಹಾಟದ ವರಮಾಲೆ, ಇಂಗುಣಿಗೆಯ ಬಸದಿ

ಅನುಕೂಲಕ್ಕೆಂದು ಕೂಡಿಬಂದ ಮದುವೆ ಬರಬರುತ್ತ ಒಲವಾಗಿ ಮಾಗಿತು ಎಂಬ ಕಥೆಗೆ ಓದುಗರ ಮನಸ್ಸಿನಲ್ಲಿ ಎಂದೂ ಜಾಗ ಉಂಟು. ಐತಿಹಾಸಿಕ ಕಾದಂಬರಿಗಳಲ್ಲಂತೂ ಅದು ಹಾಸುಹೊಕ್ಕಾಗಿದೆ. ಗಡಿಯ ಜಗಳ ತೀರಿಸಲು ಅಪ್ಪ ಮಗಳನ್ನು ಧಾರೆಯೆರೆಯುತ್ತಾನೆ, ಹುಡುಗಿ ಮುಖ ಬಿಗಿದುಕೊಂಡೇ ಪರರಾಜ್ಯದ ಅರಮನೆ ಹೊಗುತ್ತಾಳೆ, ಮುಂದೆ ಯುದ್ಧವೋ ಕಾಯಿಲೆಯೋ ಬಂದು ಇಬ್ಬರನ್ನೂ ಹತ್ತಿರ ತರುತ್ತದೆ. ಹೀಗೆ ನಡೆದೇ ಇಲ್ಲ ಎನ್ನಲು ಯಾರಿಂದಲೂ ಆಗದು. ಒಂದೇ ಸೂರಿನಡಿ ವರ್ಷಗಟ್ಟಲೆ ಬಾಳಿದ ಮನುಷ್ಯರ ನಡುವೆ ಏನಾದರೂ ಹುಟ್ಟಿಯೇ ಇರುತ್ತದೆ. ಆದರೆ ಹಾಗೆ ಹುಟ್ಟಿದ್ದರ ಗುರುತು ಎಲ್ಲಿ ಉಳಿಯುತ್ತದೆ, ಅದನ್ನು ಯಾವ ದಾಖಲೆಯಲ್ಲಿ ಹುಡುಕಬೇಕು ಎಂಬುದು ಬೇರೆಯೇ ಪ್ರಶ್ನೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆ (1076–1126) ಈ ಪ್ರಶ್ನೆಯನ್ನು ಪರೀಕ್ಷಿಸಲು ಹೇಳಿಮಾಡಿಸಿದಂತಿದೆ. ಅವನ ಮದುವೆಗಳ ಬಗ್ಗೆ ನಮಗೆ ಎರಡು ಬಗೆಯ ಸಾಕ್ಷಿ ಇದೆ. ಒಂದು, ಅವನ ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದ ಕಾಶ್ಮೀರದ ಬಿಲ್ಹಣ ಸಂಸ್ಕೃತದಲ್ಲಿ ಬರೆದ ಹದಿನೆಂಟು ಸರ್ಗಗಳ 'ವಿಕ್ರಮಾಂಕದೇವಚರಿತ'. ಇನ್ನೊಂದು, ಅವನ ರಾಣಿಯರ ಹೆಸರು ಹೊತ್ತು ಕನ್ನಡ ನಾಡಿನ ಊರೂರುಗಳಲ್ಲಿ ನಿಂತಿರುವ ಕಲ್ಲುಗಳು. ಒಲವನ್ನು ಹುಡುಕುವವರು ಸಹಜವಾಗಿ ಮೊದಲನೆಯದರ ಕಡೆ ಓಡುತ್ತಾರೆ. ನನಗೆ ಕಾಣುವುದು ಇದಕ್ಕೆ ತಿರುಗುಮುರುಗು: ಬಿಲ್ಹಣನ ಶೃಂಗಾರದಲ್ಲಿ ಹುಡುಕಿದರೆ ಕೈಗೆ ಸಿಗುವುದು ಅಪ್ಪಟ ರಾಜಕಾರಣ, ಊರು, ಸುಂಕ, ದತ್ತಿ ಎಂದು ಲೆಕ್ಕ ಹೇಳುವ ಒಣ ಶಾಸನಗಳಲ್ಲಿ ಹುಡುಕಿದರೆ ಗಂಡಹೆಂಡಿರ ನಡುವಿನ ಆಪ್ತತೆಯ ಜಾಡು ಸಿಗುತ್ತದೆ.

ಮೊದಲು ಅನುಕೂಲದ ಮದುವೆ ಎಂದರೆ ಆ ಕಾಲದಲ್ಲಿ ಎಷ್ಟು ನೇರವಾದ ವ್ಯವಹಾರವಾಗಿತ್ತು ಎಂಬುದನ್ನು ನೋಡಬೇಕು. 1068ರಲ್ಲಿ ವಿಕ್ರಮಾದಿತ್ಯನ ತಂದೆ ಒಂದನೆಯ ಸೋಮೇಶ್ವರ ವಾಸಿಯಾಗದ ಜ್ವರದಿಂದ ಬೇಸತ್ತು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಪಟ್ಟ ಹಿರಿಯ ಮಗ ಎರಡನೆಯ ಸೋಮೇಶ್ವರನಿಗೆ ಹೋಯಿತು. ಅಣ್ಣತಮ್ಮಂದಿರ ನಡುವೆ ಹೊಂದಾಣಿಕೆ ಮುರಿದು ವಿಕ್ರಮ ಕಲ್ಯಾಣವನ್ನು ಬಿಟ್ಟು ತೆಂಕಣಕ್ಕೆ ಸರಿದಾಗ, ಅವನ ಅಪ್ಪನ ಜೀವಮಾನದ ವೈರಿಯಾಗಿದ್ದ ಚೋಳ ವೀರರಾಜೇಂದ್ರ ಅವನಿಗೆ ಮಗಳನ್ನು ಕೊಟ್ಟ. ಈ ಒಂದೇ ಘಟನೆಯನ್ನು ಎರಡು ಪಕ್ಷಗಳು ಹೇಗೆ ಹೇಳಿಕೊಂಡವು ಎಂಬುದೇ ಸ್ವಾರಸ್ಯ. ಬಿಲ್ಹಣನ ಪ್ರಕಾರ ವಿಕ್ರಮನ ದಂಡಿಗೆ ಹೆದರಿದ ಚೋಳ ದೂತನನ್ನು ಕಳಿಸಿ, ಕನ್ಯೆಯನ್ನು ಒಪ್ಪಿಸಿ, ಸಂಧಿ ಬೇಡಿದ. ವೀರರಾಜೇಂದ್ರನ ತಮಿಳು ಶಾಸನಗಳ ಪ್ರಕಾರ ಆಸರೆ ಹುಡುಕಿ ಬಂದವನು ವಿಕ್ರಮನೇ. ಚೋಳನು ಅವನ ಕೊರಳಿಗೆ ಕಂಠಿಕೆ ಕಟ್ಟಿ, ರಟ್ಟಪಾಡಿ ಏಳೂವರೆ ಲಕ್ಷವನ್ನು, ಅಂದರೆ ಚಾಲುಕ್ಯರ ನಾಡನ್ನು, ಅವನ ಪರವಾಗಿ ಗೆದ್ದ. ಒಬ್ಬರಿಗೆ ಮುಖ್ಯವಾದದ್ದು ಬಂದ ಹೆಣ್ಣು, ಇನ್ನೊಬ್ಬರಿಗೆ ಕಟ್ಟಿದ ಹಾರ. ನಡುವೆ ನಿಂತ ಆ ಹುಡುಗಿಯ ಮನಸ್ಸು ಯಾರ ಬಾಯಲ್ಲೂ ಇಲ್ಲ. ಈ ಸಂಬಂಧದ ಬೆಲೆಯೂ ಬಹುಕಾಲ ಉಳಿಯಲಿಲ್ಲ. 1070ರಲ್ಲಿ ವೀರರಾಜೇಂದ್ರ ತೀರಿಕೊಂಡ. ವಿಕ್ರಮ ಕಂಚಿಗೆ ಧಾವಿಸಿ, ಗಂಗೈಕೊಂಡಚೋಳಪುರದಲ್ಲಿ ಹೆಂಡತಿಯ ತಮ್ಮನೋ ಅಣ್ಣನೋ ಆದ ಅಧಿರಾಜೇಂದ್ರನನ್ನು ಗದ್ದುಗೆಗೆ ಕೂರಿಸಿ ಹಿಂದಿರುಗಿದ; ಅವನು ಹಿಂದಿರುಗಿದ ಸ್ವಲ್ಪ ದಿನಕ್ಕೇ ಭಾವಮೈದುನ ಕೊಲೆಯಾಗಿ, ವೆಂಗಿಯ ರಾಜಿಗ, ಅಂದರೆ ಒಂದನೆಯ ಕುಲೋತ್ತುಂಗ, ಚೋಳ ಸಿಂಹಾಸನವೇರಿದ. ಆ ಕುಲೋತ್ತುಂಗನೂ ಇಂಥದೇ ಬೀಗತನದ ಫಲ ಎಂಬುದನ್ನು ಮರೆಯಬಾರದು. ರಾಜರಾಜ ಚೋಳನ ಮಗಳು ಕುಂದವೈ ವೆಂಗಿಯ ವಿಮಲಾದಿತ್ಯನಿಗೆ, ರಾಜೇಂದ್ರನ ಮಗಳು ಅಮ್ಮಂಗದೇವಿ ವೆಂಗಿಯ ರಾಜರಾಜ ನರೇಂದ್ರನಿಗೆ ಹೋಗಿ, ಎರಡು ತಲೆಮಾರು ಹೆಣ್ಣು ಕೊಟ್ಟ ಮನೆಗೆ ಮೂರನೆಯ ತಲೆಮಾರಿನಲ್ಲಿ ಮಗಳ ಮಗನೇ ಒಡೆಯನಾಗಿ ಬಂದ. ನಂಟಸ್ತಿಕೆ ಬೆಳೆಸಿದವರು ಅದು ಯಾವ ಕಡೆ ತಿರುಗುತ್ತದೆಂದು ಮುಂಗಾಣಲಾರರು.

ಚೋಳ ರಾಜಕುಮಾರಿಗೆ ಬಿಲ್ಹಣ ಕೊಟ್ಟದ್ದು ಯುದ್ಧ ಮತ್ತು ಸಂಧಿಯ ನಡುವೆ ಒಂದು ಪ್ರಸಂಗ ಮಾತ್ರ. ಅವನ ಶೃಂಗಾರದ ಸರ್ಗಗಳೆಲ್ಲ ಬೇರೊಬ್ಬಳ ಪಾಲಿಗೆ ಬಂದವು. ಕೊಯ್ನಾ ಕೃಷ್ಣೆಯನ್ನು ಕೂಡುವಲ್ಲಿರುವ ಕರಹಾಟ, ಇಂದಿನ ಕರಾಡ, ಶಿಲಾಹಾರರ ಊರು. ಅಲ್ಲಿನ ರಾಜಕುಮಾರಿ ಚಂದ್ರಲೇಖೆ, ಶಾಸನಗಳ ಚಂದಲದೇವಿ. ಏಳನೆಯ ಸರ್ಗದಲ್ಲಿ ವಸಂತ ಬರುತ್ತದೆ, ಎಂಟನೆಯದು ಅವಳ ಅಡಿಯಿಂದ ಮುಡಿಯವರೆಗಿನ ವರ್ಣನೆ, ಒಂಬತ್ತನೆಯದು ಸ್ವಯಂವರ. ಅಯೋಧ್ಯೆ, ಚೇದಿ, ಕನ್ಯಾಕುಬ್ಜ, ಕಾಲಂಜರ, ಗೋಪಾಚಲ, ಮಾಳವ, ಗುರ್ಜರ, ಪಾಂಡ್ಯ, ಚೋಳ ಎಂದು ದೇಶದ ದೊರೆಗಳೆಲ್ಲ ಸಾಲಾಗಿ ಕೂತಿದ್ದಾರೆ. ಪ್ರತಿಹಾರಿ ಒಬ್ಬೊಬ್ಬರನ್ನೂ ಹೊಗಳುತ್ತಾಳೆ. ಹುಡುಗಿ ಒಬ್ಬೊಬ್ಬರನ್ನೂ ದಾಟಿ ಬಂದು ವಿಕ್ರಮನ ಕೊರಳಿಗೆ ಮಾಲೆ ಹಾಕುತ್ತಾಳೆ. ಕಾಳಿದಾಸನ 'ರಘುವಂಶ'ದಲ್ಲಿ ಇಂದುಮತಿಯ ಸ್ವಯಂವರವನ್ನು ಓದಿದವರಿಗೆ ಈ ಚಪ್ಪರ ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಕರಹಾಟದ ಶಿಲಾಹಾರರು ಚಾಲುಕ್ಯರ ಸಾಮಂತರು. ತಮ್ಮ ಚಕ್ರವರ್ತಿಯ ಎದುರಿಗೆ ಕನ್ಯಾಕುಬ್ಜದಿಂದ ಪಾಂಡ್ಯದವರೆಗಿನ ರಾಜರನ್ನು ಕರೆಸಿ, ಅವರಲ್ಲಿ ಇವನನ್ನೂ ಒಬ್ಬನಾಗಿ ಕೂರಿಸಿ, ಆರಿಸುವ ಸ್ವಾತಂತ್ರ್ಯವನ್ನು ಮಗಳ ಕೈಗೆ ಕೊಟ್ಟರೆಂದು ನಂಬುವುದು ಕಷ್ಟ. ವಾಸ್ತವದ ಲೆಕ್ಕ ಸರಳವಾದದ್ದು. ವಿಕ್ರಮನ ಬಲವೆಲ್ಲ ತೆಂಕಣದಲ್ಲಿ ಬೆಳೆದದ್ದು. ಪಡುವಣದಲ್ಲಿ ಗೋವೆಯ ಕದಂಬ ಜಯಕೇಶಿ ಅವನ ಬೆನ್ನಿಗಿದ್ದ. ಸಹ್ಯಾದ್ರಿಯ ಘಟ್ಟದ ದಾರಿಗಳನ್ನೂ ಪನ್ಹಾಳದಂಥ ಕೋಟೆಗಳನ್ನೂ ಹಿಡಿದಿದ್ದ ಶಿಲಾಹಾರ ಮನೆತನ ಕೈಗೂಡಿದರೆ ಅವನ ಪಡುವಣ ಪೂರ್ತಿ ಭದ್ರ. ಚೋಳರ ಸಂಬಂಧ ಎಷ್ಟು ಅನುಕೂಲದ್ದೋ ಕರಹಾಟದ್ದೂ ಅಷ್ಟೇ. ಒಂದನ್ನು ಸಂಧಿಯೆಂದೂ ಇನ್ನೊಂದನ್ನು ಪ್ರೇಮವೆಂದೂ ಬೇರೆ ಮಾಡಿದ್ದು ಕವಿ.

ಯಾಕೆ ಬೇರೆ ಮಾಡಿದ? ಆಸ್ಥಾನ ಕವಿ ರಾಜನನ್ನು ರಂಜಿಸಲು ಶೃಂಗಾರ ಬರೆಯುತ್ತಾನೆ, ಮಹಾಕಾವ್ಯಕ್ಕೆ ಅದು ಕಡ್ಡಾಯ ಎಂದು ಹೇಳಿ ಮುಗಿಸಬಹುದು. ಅದು ನಿಜವೂ ಹೌದು. ಋತುವರ್ಣನೆ, ಜಲಕ್ರೀಡೆ, ಪಾನಗೋಷ್ಠಿ ಇಲ್ಲದೆ ಮಹಾಕಾವ್ಯವೇ ಇಲ್ಲ. ಆದರೆ ಆ ಸರ್ಗಗಳು ಕಾವ್ಯದಲ್ಲಿ ಎಲ್ಲಿ ಕೂತಿವೆ ಎಂಬುದನ್ನು ಗಮನಿಸಿದರೆ ಕಾರಣ ಇನ್ನೂ ಹರಿತವಾಗುತ್ತದೆ. ಆರನೆಯ ಸರ್ಗದ ಕೊನೆಯಲ್ಲಿ ವಿಕ್ರಮ ಅಣ್ಣನನ್ನು ಸೋಲಿಸಿ ಸೆರೆಹಿಡಿದು ತಾನು ಪಟ್ಟವೇರುತ್ತಾನೆ. ಹದಿನಾಲ್ಕನೆಯ ಸರ್ಗದಲ್ಲಿ ಬನವಾಸಿಯಲ್ಲಿದ್ದ ತಮ್ಮ ಜಯಸಿಂಹ ಇವನ ಮೇಲೆಯೇ ತಿರುಗಿಬೀಳುತ್ತಾನೆ. ಅಣ್ಣನ ರಾಜ್ಯ ಕಿತ್ತುಕೊಂಡದ್ದಕ್ಕೂ ತಮ್ಮ ತನ್ನದನ್ನು ಕಿತ್ತುಕೊಳ್ಳಲು ಬಂದದ್ದಕ್ಕೂ ನಡುವಿನ ಜಾಗವನ್ನು ಚಂದ್ರಲೇಖೆ ತುಂಬಿದ್ದಾಳೆ. ಕಿರಿಯವನು ಹಿರಿಯವನ ಪಟ್ಟ ಹಿಡಿದದ್ದು ಸಣ್ಣ ಕಳಂಕವಲ್ಲ. ಅದನ್ನು ತೊಳೆಯಲು ಬಿಲ್ಹಣ ಮೊದಲಿನಿಂದಲೂ ಹೆಣಗುತ್ತಾನೆ: ಎರಡನೆಯ ಮಗನೇ ಶಿವನ ವಿಶೇಷ ಪ್ರಸಾದವೆಂದು ಅಶರೀರವಾಣಿ ನುಡಿಯುತ್ತದೆ, ತಂದೆ ಯುವರಾಜ ಪದವಿ ಕೊಡಲು ಬಂದರೆ ಇವನೇ ಅಣ್ಣನಿಗಾಗಿ ಬೇಡವೆನ್ನುತ್ತಾನೆ, ಕೊನೆಗೆ ಅಣ್ಣನ ಮೇಲೆ ಕತ್ತಿ ಎತ್ತುವುದು ಕನಸಿನಲ್ಲಿ ಬಂದ ಶಿವನ ಆಣತಿಯಂತೆ. ಇಷ್ಟೆಲ್ಲ ಆದ ಮೇಲೂ ಉಳಿಯುವ ಸಂಶಯಕ್ಕೆ ಸ್ವಯಂವರ ಉತ್ತರ. ಹುಟ್ಟಿನ ಕ್ರಮ, ಸರದಿ, ಹಿರಿತನ ಯಾವುದನ್ನೂ ನೋಡದೆ ಯೋಗ್ಯನನ್ನು ತಾನಾಗಿ ಆರಿಸಿಕೊಳ್ಳುವ ಕನ್ಯೆ, ಹಾಗೆಯೇ ಆರಿಸಿಕೊಂಡ ರಾಜ್ಯಲಕ್ಷ್ಮಿಯ ಪ್ರತಿರೂಪ. ಮಾಲೆ ಬಿದ್ದದ್ದು ವಿಕ್ರಮನ ಕೊರಳಿಗೆ. ಕವಿಯ ಕಣ್ಣು ಇದ್ದದ್ದು ಕಿರೀಟದ ಮೇಲೆ. ಇಲ್ಲಿ ಪ್ರೀತಿ ಮದುವೆಗೆ ಮೊದಲೇ ಹುಟ್ಟುವುದೂ ಅದಕ್ಕೇ. ಮದುವೆಯಾದ ಮೇಲೆ ನಿಧಾನವಾಗಿ ಹುಟ್ಟುವ ಒಲವಿನಿಂದ ಪಟ್ಟಾಪಹರಣಕ್ಕೆ ಸಮರ್ಥನೆ ದೊರೆಯುವುದಿಲ್ಲ.

ಹಾಗಾದರೆ ಮದುವೆಯ ನಂತರ ಏನಾಯಿತು? ಬಿಲ್ಹಣನ ಕೈಯಲ್ಲಿ ಅದಕ್ಕೆ ಉಯ್ಯಾಲೆ, ಹೂ ಕೊಯ್ಯುವುದು, ಈಜು, ಮದ್ಯ, ಬೇಸಗೆ, ಮಳೆಗಾಲ ಇವಿಷ್ಟೇ ಉಳಿಯುತ್ತವೆ. ಯಾವ ರಾಜನ ಯಾವ ರಾಣಿಗಾದರೂ ಹೊಂದುವ ಚಿತ್ರಗಳು. ಕಲ್ಲುಗಳ ಕಡೆ ತಿರುಗಿದರೆ ದೃಶ್ಯವೇ ಬೇರೆ. ಪಟ್ಟಕ್ಕೆ ಬಂದ ಮರುವರ್ಷವೇ, 1077–78ರಲ್ಲಿ, ಮಹಾಮಂಡಲೇಶ್ವರ ಜೋಗಮರಸನ ಮಗಳಾದ ರಾಣಿ ಸಾವಳದೇವಿ ನರೆಯಂಗಲ್ಲನ್ನು ಆಳುತ್ತಿದ್ದಾಳೆ; ಅದು ಅವಳಿಗೆ ಅಂಗಭೋಗವಾಗಿ ಗಂಡ ಕೊಟ್ಟ ಊರು. ಲಕ್ಷ್ಮಾದೇವಿ ಪಿರಿಯರಸಿಯಾಗಿ ದಶಕಗಳ ಕಾಲ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಾಳೆ. ಮೈಲಲಮಹಾದೇವಿಗೆ ಕಣ್ಣವಳ್ಳೆ. ಕದಂಬ ಕುಲದ ತಿಕ್ಕನ ಮಗಳು ಜಕ್ಕಲದೇವಿಗೆ ಇಂಗುಣಿಗೆ. ಇವರಲ್ಲಿ ಬಹುಮಂದಿ ಸಾಮಂತರ ಮನೆಯ ಹೆಣ್ಣುಮಕ್ಕಳು. ಅಂದರೆ ಪ್ರತಿ ಮದುವೆಯ ಹಿಂದೆಯೂ ಒಂದು ನಿಷ್ಠೆಯ ಕರಾರು ಇತ್ತು ಎಂದು ಧಾರಾಳವಾಗಿ ಊಹಿಸಬಹುದು. ಕುತೂಹಲದ ಸಂಗತಿ ಎಂದರೆ ಆ ಕರಾರು ಮುಗಿಯುವುದು ಧಾರೆಯ ದಿನವೇ. ಆ ಬಳಿಕ ಊರನ್ನು ನೋಡಿಕೊಳ್ಳುವುದು, ತೆರಿಗೆಯ ಒಂದು ಪಾಲನ್ನು ದೇವಸ್ಥಾನಕ್ಕೋ ಬ್ರಾಹ್ಮಣರಿಗೋ ಬಿಡುವುದು, ಅದಕ್ಕೆ ಕಲ್ಲು ನೆಡಿಸುವುದು, ಇವು ವರ್ಷವರ್ಷವೂ ಮಾಡುವ ಕೆಲಸ. ಮಗಳನ್ನು ಕೊಟ್ಟ ಸಾಮಂತನನ್ನು ಸಂತೋಷಪಡಿಸಲು ಒಡವೆ, ಬಿರುದು, ಅಂತಃಪುರದಲ್ಲೊಂದು ಮನೆ ಸಾಕಿತ್ತು. ಊರಿನ ಆಡಳಿತ ಕೊಡಬೇಕಾದರೆ ಆ ಹೆಂಗಸಿನ ವಿವೇಕದ ಮೇಲೆ ಭರವಸೆ ಬೇಕು. ಮದುವೆಯ ಅನುಕೂಲ ಮುಗಿದ ಮೇಲೂ ಮುಂದುವರಿದ ಈ ಭರವಸೆಯನ್ನು ಒಲವಿನ ಮೊದಲ ಗುರುತು ಎಂದು ನಾನು ಎಣಿಸುತ್ತೇನೆ.

ಇದಕ್ಕೆ ಬಲವಾದ ಆಕ್ಷೇಪ ಚಾಲುಕ್ಯ ಮನೆತನದ ಒಳಗಿನಿಂದಲೇ ಏಳುತ್ತದೆ. ವಿಕ್ರಮಾದಿತ್ಯನ ತಾತ ಎರಡನೆಯ ಜಯಸಿಂಹನ ಅಕ್ಕ ಅಕ್ಕಾದೇವಿ ಯಾವ ರಾಜನ ಒಲವನ್ನೂ ನೆಚ್ಚದೆ ಕಿಸುಕಾಡು, ಬನವಾಸಿಗಳನ್ನು ಆಳಿದಳು, ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಳು, 'ರಣಭೈರವಿ' ಎನಿಸಿಕೊಂಡಳು. ಹಾಗಿದ್ದ ಮೇಲೆ ಹೆಂಗಸಿನ ಆಡಳಿತ ಆ ಮನೆಯ ರೂಢಿ ಎಂದಾಯಿತು, ದಾಂಪತ್ಯದ ಗುರುತು ಹೇಗಾದೀತು? ಆಕ್ಷೇಪ ಸರಿಯಾದದ್ದೇ. ಆದರೆ ಅದು ನನ್ನ ವಾದವನ್ನು ಕೆಡವುವ ಬದಲು ಬೇರೆ ಕಡೆ ಬಿಗಿಗೊಳಿಸುತ್ತದೆ. ಅಕ್ಕಾದೇವಿ ಆಳಿದ್ದು ಆ ಮನೆಯಲ್ಲಿ ಹುಟ್ಟಿದ ಹಕ್ಕಿನಿಂದ. ಅಧಿಕಾರ ಅಲಂಕಾರದ್ದಾಗಿರಲಿಲ್ಲ, ಕತ್ತಿ ಹಿಡಿಯುವ ಮಟ್ಟಿನದಾಗಿತ್ತು ಎಂಬುದಕ್ಕೆ ಅವಳೇ ಸಾಕ್ಷಿ. ಹಾಗಾದರೆ ಪರಮನೆಯಿಂದ ಬಂದ ಹೆಣ್ಣಿಗೆ, ಅವಳ ತವರು ನಾಳೆ ತಿರುಗಿಬೀಳಬಹುದೆಂಬ ಅರಿವಿದ್ದೂ, ಮನೆಮಗಳಿಗೆ ಕೊಡುವಂಥದನ್ನು ಕೊಟ್ಟದ್ದು ಸಣ್ಣ ಮಾತಲ್ಲ. ಅದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ಬರೆದ. ಸ್ತ್ರೀಧನವೆಂದರೆ ಮದುವೆಯಲ್ಲಿ ಬಂದ ಉಡುಗೊರೆ ಮಾತ್ರವೆಂದು ಇಕ್ಕಟ್ಟಾಗಿ ಹೇಳದೆ, ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ದೊರೆತದ್ದನ್ನೂ ಸೇರಿಸಿ ಹೆಣ್ಣಿನ ಆಸ್ತಿಯನ್ನು ವಿಶಾಲ ಮಾಡಿದ ವ್ಯಾಖ್ಯಾನ ಅದು. ರಾಣಿಯರ ದತ್ತಿಗಳನ್ನು ನೋಡಿ ವಿಜ್ಞಾನೇಶ್ವರ ಬರೆದ ಎಂದು ನಾನು ಹೇಳುವುದಿಲ್ಲ. ಅವನು ತರ್ಕ ಮಾಡಿದ್ದು ಯಾಜ್ಞವಲ್ಕ್ಯನ ಮಾತಿನ ಮೇಲೆ. ಆದರೆ ಹೆಂಗಸಿನ ಕೈಯಲ್ಲಿ ಆಸ್ತಿ ಇರುವುದು ಕಣ್ಣಿಗೆ ಒಗ್ಗಿಹೋಗಿದ್ದ ಪಟ್ಟಣದಲ್ಲಿ ಆ ವ್ಯಾಖ್ಯಾನ ಹುಟ್ಟಿತು ಎಂಬುದನ್ನು ಗಮನಿಸದಿರಲಾಗದು.

ಇಷ್ಟಾದರೂ ಭರವಸೆ ಬೇರೆ, ಒಲವು ಬೇರೆ ಎಂದು ಒಬ್ಬರು ಪಟ್ಟು ಹಿಡಿಯಬಹುದು. ಒಳ್ಳೆಯ ಅಧಿಕಾರಿಯನ್ನೂ ರಾಜ ನಂಬುತ್ತಾನಲ್ಲ! ಇಲ್ಲಿ ಇಂಗುಣಿಗೆಯ ಕಲ್ಲಿಗೆ ಬರಬೇಕು. ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಇಂಗಳಗಿಯೇ ಆ ಇಂಗುಣಿಗೆ. ಅಲ್ಲಿನ ಹನ್ನೊಂದನೆಯ ಶತಮಾನದ ಕೊನೆಯ ದಶಕದ ಶಾಸನ ಹೇಳುವಂತೆ ಜಕ್ಕಲದೇವಿ ಜಿನಭಕ್ತೆ; ಗಂಡನಿಗೆ ಆ ಧರ್ಮ ಹಿಡಿಸದು, ಅವಳನ್ನು ಅದರಿಂದ ತಿರುಗಿಸಲು ಅವನು ಪ್ರಯತ್ನಿಸುತ್ತಲೇ ಇದ್ದ. ಒಂದು ದಿನ ವ್ಯಾಪಾರಿಯೊಬ್ಬ ಮಹುಮಾಣಿಕ್ಯದೇವರ ವಿಗ್ರಹವನ್ನು ತಂದು ರಾಜನಿಗೆ ತೋರಿಸಿದಾಗ ರಾಣಿ ಪಕ್ಕದಲ್ಲಿದ್ದಳು. ರಾಜ ಅವಳ ಕಡೆ ತಿರುಗಿ, ಈ ಜಿನಬಿಂಬ ಚೆನ್ನಾಗಿದೆ, ನಿನ್ನ ಊರಿನಲ್ಲಿ ಇದನ್ನು ನಿಲ್ಲಿಸು, ನಿನ್ನ ಧರ್ಮದವರಿಗೆ ಆಸರೆಯಾದೀತು ಎಂಬರ್ಥದ ಮಾತಾಡಿದ. ಅವಳು ಬಸದಿ ಕಟ್ಟಿಸಿ ಅದನ್ನು ನಿಲ್ಲಿಸಿದಳು. ಅಧಿಕಾರಿಯ ಮತ ಯಾವುದಾದರೂ ರಾಜ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನನ್ನು ತಿದ್ದಲು ಹೋಗುವುದೂ ಇಲ್ಲ, ಸೋತು ನಗುವುದೂ ಇಲ್ಲ. ತನ್ನಂತೆ ಆಗಲಿ ಎಂದು ವರ್ಷಗಟ್ಟಲೆ ಹಟ ಹಿಡಿದು, ಒಂದು ದಿನ ತಾನಾಗಿ ಆ ಹಟವನ್ನು ಬಿಟ್ಟು, ಅವಳಿಗೆ ಪ್ರಿಯವಾದದ್ದನ್ನು ಅವಳ ಕೈಗೇ ಇಡುವುದು ಗಂಡಹೆಂಡಿರ ನಡುವೆ ಮಾತ್ರ ನಡೆಯುವ ಸಂಗತಿ. ಬಿಲ್ಹಣನ ಆರೇಳು ಸರ್ಗಗಳಲ್ಲಿ ವಿಕ್ರಮನೂ ಚಂದ್ರಲೇಖೆಯೂ ಒಂದು ವಿಷಯಕ್ಕಾದರೂ ಭಿನ್ನಾಭಿಪ್ರಾಯ ಪಡುವುದಿಲ್ಲ. ಜಗಳವಿಲ್ಲದ ದಾಂಪತ್ಯ ಕಾವ್ಯದಲ್ಲಿ ಮಾತ್ರ ಉಂಟು.

ಈ ಶಾಸನ ಬರೆಸಿದವರು ಜೈನ ಪಕ್ಷದವರು, ತಮ್ಮ ಧರ್ಮಕ್ಕೆ ರಾಜನ ಮನ್ನಣೆ ದೊರೆಯಿತೆಂದು ತೋರಿಸಲು ಕಥೆ ಹೆಣೆದಿರಬಹುದು ಎನ್ನುವವರಿದ್ದಾರೆ. ಇರಲಿ. ಮನ್ನಣೆ ತೋರಿಸುವುದಷ್ಟೇ ಉದ್ದೇಶವಾಗಿದ್ದರೆ ರಾಜನನ್ನು ಮೊದಲಿನಿಂದಲೂ ಜಿನಪಕ್ಷಪಾತಿಯೆಂದು ಹೊಗಳುವ ದಾರಿ ತೆರೆದೇ ಇತ್ತು. ಬೇರೆ ಎಷ್ಟೋ ಶಾಸನಗಳು ಎಷ್ಟೋ ರಾಜರನ್ನು ಹಾಗೆ ಹೊಗಳಿವೆ. ಚಕ್ರವರ್ತಿಗೆ ತಮ್ಮ ಧರ್ಮ ಒಗ್ಗುತ್ತಿರಲಿಲ್ಲ, ಅವನ ರಾಣಿ ಅವನ ಮಾತು ಕೇಳಲಿಲ್ಲ ಎಂದು ಕಲ್ಲಿನ ಮೇಲೆ ಕೊರೆಯಿಸಲು ಯಾವ ಒತ್ತಾಯವೂ ಇರಲಿಲ್ಲ. ಪ್ರಚಾರಕ್ಕೆ ಒಗ್ಗದ ಈ ಎಳೆಯೇ ಕಥೆಯ ತಿರುಳಿನ ಮೇಲೆ ನಂಬಿಕೆ ಹುಟ್ಟಿಸುತ್ತದೆ. ಇನ್ನೊಂದು ಆಕ್ಷೇಪ, ಅಂಥ ಕಾಲದಲ್ಲಿ ಒಲವು ಎಂಬ ಭಾವನೆಯನ್ನೇ ಶಾಸನ ದಾಖಲಿಸುತ್ತಿರಲಿಲ್ಲ ಎಂಬುದು. ಇದು ತಪ್ಪು. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ, ಬಾದಾಮಿಯ ವಿಜಯಾದಿತ್ಯನ ಕಾಲದಲ್ಲಿ (696–733), ಮಹಾಕೂಟದಲ್ಲಿ ಹಿರಣ್ಯಗರ್ಭ ದಾನ ಮಾಡಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಅರ್ಪಿಸಿದ ವಿನಾಪೋಟಿಯನ್ನು ಅಲ್ಲಿನ ಕನ್ನಡ ಶಾಸನ ರಾಜನ ಪ್ರಾಣವಲ್ಲಭೆ ಎಂದು ನೇರವಾಗಿ ಕರೆದಿದೆ. ಅವಳು ಗಣಿಕೆ, ಅವಳನ್ನು ಯಾವ ಸಂಧಿಗೂ ಯಾರೂ ಕೊಟ್ಟಿರಲಿಲ್ಲ. ಹೇಳಬೇಕೆನಿಸಿದಾಗ ಕಲ್ಲು ಹೇಳುತ್ತಿತ್ತು. ಮದುವೆಯಾದ ರಾಣಿಯರ ವಿಷಯದಲ್ಲಿ ಅದೇ ಮಾತು ಬಿರುದುಗಳ ಸಾಲಿನಲ್ಲಿ ಕರಗಿಹೋಗುವುದರಿಂದಲೇ ನಾವು ಬಿರುದನ್ನು ಬಿಟ್ಟು ನಡವಳಿಕೆಯನ್ನು ನೋಡಬೇಕಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಕೊನೆಗೆ ಉಳಿಯುತ್ತದೆ. ಒಬ್ಬ ರಾಜ, ಹಲವು ರಾಣಿಯರು, ಅವರಲ್ಲಿ ಒಬ್ಬಳೂ ತಾನಾಗಿ ಆರಿಸಿ ಬಂದವಳಲ್ಲ; ಇದಕ್ಕೆ ಒಲವೆಂದು ಹೆಸರಿಡುವುದು ಅಧಿಕಾರದ ದಬ್ಬಾಳಿಕೆಗೆ ಬಣ್ಣ ಬಳಿದಂತಾಗದೆ? ಬಿಲ್ಹಣನ ಸ್ವಯಂವರದ ಮೇಲೆ ಈ ಆಕ್ಷೇಪ ಪೂರ್ತಿ ನಿಲ್ಲುತ್ತದೆ. ಇಲ್ಲದ ಆಯ್ಕೆಯನ್ನು ಇತ್ತೆಂದು ತೋರಿಸಿದ್ದೇ ಅದರ ಕಪಟ. ಸಾವಳದೇವಿ, ಜಕ್ಕಲದೇವಿಯರ ಕಲ್ಲುಗಳು ಮಾತ್ರ ಅಂಥ ಯಾವ ಸೋಗನ್ನೂ ಹಾಕುವುದಿಲ್ಲ. ಅವರು ಹೇಗೆ ಬಂದರು ಎಂಬುದನ್ನು ಅಪ್ಪನ ಹೆಸರಿನೊಂದಿಗೆ ಹೇಳಿ, ಬಂದ ಮೇಲೆ ಏನು ಮಾಡಿದರು ಎಂಬುದರ ಮೇಲೆ ನಿಲ್ಲುತ್ತವೆ. ಆಯ್ಕೆ ಇದ್ದದ್ದು ಅಲ್ಲಿ: ಯಾವ ದೇವರಿಗೆ ಬಿಡಬೇಕು, ಯಾರಿಗೆ ಭೂಮಿ ಕೊಡಬೇಕು, ಚಕ್ರವರ್ತಿಯಾದ ಗಂಡನ ಮಾತಿಗೆ ಎಷ್ಟು ಬಗ್ಗಬೇಕು. ಅದು ಇಕ್ಕಟ್ಟಾದ ಜಾಗವೇ ಸರಿ. ಎಲ್ಲರಿಗೂ ಅಷ್ಟಾದರೂ ಸಿಕ್ಕಿತೆಂದು ಹೇಳಲು ಬರುವುದಿಲ್ಲ. ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನೂ ಅವನು ಗೋವೆಯ ಇಮ್ಮಡಿ ಜಯಕೇಶಿಗೆ ಕೊಟ್ಟದ್ದು ಹಳೆಯ ಮೈತ್ರಿಯನ್ನು ಗಟ್ಟಿ ಮಾಡಲೆಂದೇ, ತಾನು ಮಗಳನ್ನು ಕೊಡುವ ಸರದಿ ಬಂದಾಗ ಅವನು ವೀರರಾಜೇಂದ್ರನಿಗಿಂತ ಬೇರೆಯಾಗಿ ನಡೆದುಕೊಳ್ಳಲಿಲ್ಲ. ಚಂದಲದೇವಿಯ ಬಗ್ಗೆ ಕಾದಂಬರಿ ಬರೆಯಲು ಯಾರಾದರೂ ಹೊರಟರೆ ಕರಹಾಟದ ಚಪ್ಪರವನ್ನು ಬಿಲ್ಹಣನಿಗೇ ಬಿಟ್ಟು, ಅವಳ ನೃತ್ಯ ನೈಪುಣ್ಯವನ್ನು ಹೊಗಳುವ ಶಾಸನಗಳಿಂದ ಕಥೆ ಶುರು ಮಾಡುವುದು ಲೇಸು. ಮಾಲೆ ಹಾಕುವ ಕೈಯನ್ನು ವರ್ಣಿಸಿದವನು ಆ ಹೆಂಗಸಿಗೆ ಏನೇನು ಬರುತ್ತಿತ್ತು ಎಂಬುದನ್ನು ವಿಚಾರಿಸಲು ಹೋಗಲಿಲ್ಲ.